ಅಂಚು ಕಾಣದವನ ಕ್ಯಾಮರಾ

ಮೈಸೂರಿನ ಕ್ಯಾಮರಾ ಅಂಗಡಿ ಹುಡುಗರು ಈಚೆಗೆ ನನ್ನನ್ನ ಕಂಡರೆ ಏನೋ ತರೋ ನೆಪದಲ್ಲಿ ಒಳಗೆ ಹೋಗಿಬಿಡ್ತಿದ್ರು. ಅವರ ತಪ್ಪಿಲ್ಲ ಬಿಡಿ. ಬೇಸಿಗೆ ಪೂರ್ತಿ ನನ್ನದು ಒಂದೇ ಕೆಲಸ. ಹುಣಸೂರಲ್ಲಿ ಬಸ್ ಹತ್ತೋದು, ಅಂಗಡಿಗೆ ಹೋಗೋದು, ಇದ್ದಬದ್ದ ಕ್ಯಾಮರಾನೆಲ್ಲ ಕಣ್ಣಿಗೆ ಒತ್ತಿ ನೋಡೋದು, "ಯೋಚನೆ ಮಾಡಿ ಹೇಳ್ತೀನಿ" ಅಂತ ವಾಪಸ್ ಬರೋದು. ರಾತ್ರಿ ನಿದ್ದೆ ಬರಲ್ಲ. ಬೆಳಿಗ್ಗೆ ಎದ್ದು ಇನ್ನೊಂದು ಅಂಗಡಿಗೆ ಹೋಗೋದು.

ನನಗೆ ಅವಸರ ಇತ್ತು. ಎರಡೂ ಕಣ್ಣಿಗೆ ಗ್ಲಾಕೋಮಾ. ಎದುರಿಗೆ ಕೂತವರ ಮುಖ, ಪೇಪರಿನ ಅಕ್ಷರ ಎಲ್ಲ ಚೆನ್ನಾಗೇ ಕಾಣ್ತವೆ. ಪಕ್ಕದಲ್ಲಿರೋದು ಕಾಣಲ್ಲ, ಎಡಗಡೆ ಇನ್ನೂ ಕಮ್ಮಿ. ನೋಟದ ಅಂಚು ಒಳಕ್ಕೆ ಸರೀತಾ ಬಂದಿದೆ. ಹೋದದ್ದು ಬರಲ್ಲ, ಉಳಿದದ್ದನ್ನ ಹನಿ ಬಿಟ್ಟುಕೊಂಡು ಕಾಪಾಡ್ಕೋಬೇಕು ಅಂತ ಡಾಕ್ಟರ್ ಹೇಳಿದಾರೆ. ಇರೋ ಕಣ್ಣಲ್ಲೇ ನಮ್ಮ ಹುಣಸೂರು ಸುತ್ತಿನ ನಾಲ್ಕು ತಾಲೂಕಿನ ನೆಲ, ಕೆರೆ, ಬೆಟ್ಟಾನ ನಾನೇ ಫೋಟೋ ತೆಗೀಬೇಕು, ಬೇರೆಯವರ ಕೈಗೆ ಕ್ಯಾಮರಾ ಕೊಟ್ಟು "ಅಲ್ಲಿ ಹಿಡಿ, ಇಲ್ಲಿ ಹಿಡಿ" ಅನ್ನೋ ಗತಿ ಬರೋದರೊಳಗೆ. ಅದೊಂದೇ ಆಸೆ. ಅದಕ್ಕೆ ಒಂದು ಕ್ಯಾಮರಾ ಬೇಕಿತ್ತು. ಯಾವುದು ಅಂತ ತಿಳೀತಿರಲಿಲ್ಲ.

ಹೊಸದಾಗಿ ಈ ಕೆಲಸಕ್ಕೆ ಬರೋ ಹುಡುಗ ಹುಡುಗಿಯರು ನನ್ನನ್ನೇ ಕೇಳ್ತಾರೆ, "ಯಾವ ಕ್ಯಾಮರಾ ತಗೊಳ್ಳಲಿ ಅಂಕಲ್?" ಒಂದು ಸಾಲಲ್ಲಿ ಹೇಳೋಕೆ ನನಗೆ ಬರಲ್ಲ. ನಾನು ಕೂತಲ್ಲಿ ಕೂರೋ ಆಸಾಮಿ ಅಲ್ಲ, ಮಾತೂ ಹಂಗೇ ಅಲ್ಲಿಂದ ಇಲ್ಲಿಗೆ ಹಾರುತ್ತೆ. ಬೇಕಾದ್ದು ಆರಿಸಿಕೊಳ್ಳಿ.

ಕೆಲಸ ಕಲಿತದ್ದು ಮಾಮು ಹತ್ರ. ಮಾಮು ಅಂದ್ರೆ ನಮ್ಮಮ್ಮನ ಅಣ್ಣ. ಹುಣಸೂರಿನಲ್ಲಿ ಅವರದೊಂದು ಸ್ಟುಡಿಯೋ. ಅವರೇ ಯಜಮಾನರು, ಅವರೇ ಉಸ್ತಾದ್. ಹೊಗಳೋದು ಅನ್ನೋದು ಅವರ ಬಾಯಲ್ಲಿ ಬರ್ತಿರಲಿಲ್ಲ. ಕ್ಯಾಮರಾ ಕಿಂಡಿಯಲ್ಲಿ ಕಣ್ಣಿಟ್ಟರೆ ಮೊದಲು ನಾಲ್ಕು ಮೂಲೆ ನೋಡಬೇಕು, ಮುಖ ಕೊನೆಗೆ. "ಮುಖ ಎಲ್ಲೂ ಓಡಿಹೋಗಲ್ಲ ಕಣೋ. ಮೂಲೇಲಿ ಯಾರ ಮೊಣಕೈ ಬಂತು, ಎಂಜಲೆಲೆ ಬಂತಾ, ಚಪ್ಪಲಿ ಬಂತಾ, ಅದನ್ನ ನೋಡು" ಅನ್ನೋರು. ಫೋಟೋ ಮೂಲೇಲಿ ಬೇಡದ್ದೇನಾದ್ರೂ ಕಂಡರೆ ಪ್ರಿಂಟ್ ತಂದು ಗಿರಾಕಿಗಳ ಮುಂದೇನೇ ನನ್ನ ಮೂಗಿಗೆ ಹಿಡಿಯೋರು. ನಾನು ರಹಮತ್ ಅನ್ನೋದನ್ನ ಊರು ಮರೆತು "ಫೋಟೋ ಸಾಬ್ರು" ಅನ್ನೋ ಹೊತ್ತಿಗೆ ಮೂಲೆ ನೋಡೋದು ನನಗೆ ಉಸಿರಾಡಿದಷ್ಟು ಅಭ್ಯಾಸ ಆಗಿತ್ತು.

ನಮ್ಮ ಕಾಲದಲ್ಲಿ ಬರೀ ಮದುವೆ ಅಲ್ಲ, "ಜಾಗದ ಫೋಟೋ" ಅಂತ ಒಂದಿತ್ತು. ಬದುವಿನ ತಕರಾರು, ದಾರಿ ತಕರಾರು ಕೋರ್ಟಿಗೆ ಹೋದಾಗ ವಕೀಲರು ಜಾಗದ ಫೋಟೋ ತರಿಸೋರು. ಅದಕ್ಕೊಂದು ಕಟ್ಟುಪಾಡು. ಬರೀ ಜಾಗ ತೆಗೆಯೋ ಹಂಗಿಲ್ಲ. ಹೊಲದ ಯಜಮಾನ ಒಗೆದ ಬಿಳಿ ಅಂಗಿ ಹಾಕ್ಕೊಂಡು, ತಕರಾರಿನ ಕಡೆಗೆ ಕೈ ಚಾಚಿ ಬೆರಳು ತೋರಿಸ್ಕೊಂಡು ನಿಲ್ಲಬೇಕು. ನಗಬಾರದು. ನಕ್ಕರೆ ಜಡ್ಜ್ ಸಾಹೇಬರು ಹಗುರವಾಗಿ ತಗೋತಾರೆ ಅಂತ ಎಲ್ಲರಿಗೂ ಹೆದರಿಕೆ. ನಾನು ನೆಲ ಅಂತ ತೆಗೆದ ಫೋಟೋ ಎಲ್ಲದರಲ್ಲೂ ಒಬ್ಬ ಮುಖ ಗಂಟು ಹಾಕ್ಕೊಂಡು ಬೆರಳು ತೋರಿಸ್ತಾ ಇದಾನೆ.

ಕಟ್ಟೆಮಳಲವಾಡಿಯ ಜವರೇಗೌಡ ಹಂಗೆ ಪರಿಚಯ ಆದೋನು. ಪಕ್ಕದ ಹೊಲದವನು ಬೇಲಿ ಮುಂದಕ್ಕೆ ಹಾಕಿ ಗಾಡಿ ದಾರಿ ಕಿರಿದು ಮಾಡಿದಾನೆ ಅಂತ ಅವನ ಕೇಸು. ನಾನು ಆಗ ತಾನೇ ಮಾಮು ಹತ್ರ ಕಾಡಿ ಬೇಡಿ ಒಂದು ವೈಡ್ ಲೆನ್ಸ್ ತರಿಸಿದ್ದೆ. ಹೊಸ ಸಾಮಾನು, ಕೈ ಸುಮ್ಮನಿರುತ್ತಾ? ಎಲ್ಲಾನೂ ಅದರಲ್ಲೇ ತೆಗೆದೆ. ಫೋಟೋ ಏನೋ ಜೋರಾಗಿ ಬಂತು, ಆಕಾಶ, ಮೋಡ, ಎಲ್ಲ. ಮಾರನೇ ವಾರ ಜವರೇಗೌಡ ಸ್ಟುಡಿಯೋ ಮೆಟ್ಟಿಲು ಹತ್ತಿ ಬಂದು ಫೋಟೋನ ಮೇಜಿನ ಮೇಲೆ ಬಡಿದ.

"ಏನ್ ಸಾಬ್ರೆ ಇದು? ಗಾಡಿ ಓಗಾಕಾಯ್ತಿಲ್ಲ ಅಂತ ನಾನು ಕೇಸ್ ಆಕಿವ್ನಿ, ನೀವು ಬಸ್ಸು ಓಗಂಗೆ ರೋಡ್ ಮಾಡ್ಕೊಟ್ಟಿದ್ದೀರಲ್ಲ! ಅವನ ಲಾಯ್ರು ನೋಡ್ಬುಟ್ಟು ಒಟ್ಟೆ ಇಡ್ಕಂಡು ನಗ್ತಾವ್ನೆ ಕಣ್ರೀ!"

ವೈಡ್ ಲೆನ್ಸು ಹತ್ತಿರದ್ದನ್ನ ಹಿಗ್ಗಿಸುತ್ತೆ, ದೂರದ್ದನ್ನ ಇನ್ನೂ ದೂರಕ್ಕೆ ತಳ್ಳುತ್ತೆ. ಪುಸ್ತಕದಲ್ಲಿ ಓದಿದ್ದೆ, ತಲೆಗೆ ಹೋಗಿರಲಿಲ್ಲ. ಮತ್ತೆ ಹೋದೆ. ಜವರೇಗೌಡನೇ ಎತ್ತಿನ ಗಾಡಿ ತಂದು ದಾರೀಲಿ ನಿಲ್ಲಿಸಿದ, ಎರಡೂ ಚಕ್ರ ಎರಡೂ ಕಡೆ ಬೇಲಿಗೆ ತಾಗೋ ಹಂಗೆ. "ಈಗ ನಿಮ್ಮ ಲೆನ್ಸು ಅದೇನ್ ಮಾಡ್ತದೋ ಮಾಡ್ಲಿ" ಅಂದ. ಕೇಸ್ ಗೆದ್ದ, ದೋಸ್ತಿ ಉಳೀತು. ಈಗ ಬೆಟ್ಟಗುಡ್ಡ ತೆಗೀತೀವಿ ಅಂತ ಬರೋರೆಲ್ಲ ಮೊದಲು ವೈಡ್ ಲೆನ್ಸೇ ಕೊಳ್ತಾರೆ. ಆಮೇಲೆ ಬೆಟ್ಟ ಹುತ್ತದಷ್ಟು ಕಾಣುತ್ತೆ, ಮುಂದಿರೋ ಲಂಟಾನ ಪೊದೆ ಬೆಟ್ಟದಷ್ಟು. ಮೊದಲು ಇರೋ ಲೆನ್ಸಲ್ಲಿ ಕಾಲಾಡಿಸಿ ಹಿಂದೆ ಮುಂದೆ ಹೋಗಿ ನೋಡ್ರಪ್ಪ. ಕ್ಯಾಮರಾ ಬದಲಾಯಿಸೋದು ಆಮೇಲೆ.

ಜನ ಇಲ್ಲದ ಫೋಟೋ ಮೇಲೆ ನನಗೆ ಆಸೆ ಹತ್ತಿದ್ದು ಕೆ.ಆರ್. ನಗರದ ಒಂದು ಮದುವೆ ದಿನ. ಬೆಳಿಗ್ಗೆ ಸ್ಕೂಟರಲ್ಲಿ ಹೋಗ್ತಿದ್ದೆ. ನಾಲೆ ಏರಿ ಮೇಲೆ ಮಂಜು, ಗದ್ದೆ ತುಂಬ ನೀರು, ಬೆಳ್ಳಕ್ಕಿ ಸಾಲಾಗಿ ಇಳೀತಾ ಇವೆ. ಅವತ್ತು ತಡೆಯೋಕಾಗಲಿಲ್ಲ. ಸ್ಕೂಟರ್ ನಿಲ್ಲಿಸಿ ಎರಡು ತೆಗೆದೆ. ಛತ್ರಕ್ಕೆ ಹೋಗಿ ಮುಹೂರ್ತಕ್ಕೆ ನಿಂತೆ. ಓಲಗ ಜೋರಾಯ್ತು, ಹುಡುಗಿ ಅಪ್ಪ ಹಾಲಿನ ಚೊಂಬು ಎತ್ತಿದ್ರು, ಬಟನ್ ಒತ್ತಿದೆ. ರೋಲ್ ಮುಗಿದಿತ್ತು. ಬೆಳ್ಳಕ್ಕಿಗೆ ಹಾಕಿದ ಆ ಎರಡೇ ಸಾಲದೆ ಬಂದದ್ದು.

ಹೊಸ ರೋಲ್ ಹಾಕೋದರಲ್ಲಿ ಧಾರೆ ಆಗಿಹೋಗಿತ್ತು. "ಅಯ್ನೋರೆ, ಇನ್ನೊಂದ್ಸಲ ಎರೆಸ್ತೀರಾ?" ಅಂದೆ. ಪುರೋಹಿತರು ನನ್ನ ಅಡಿಯಿಂದ ಮುಡಿವರೆಗೆ ನೋಡಿದ್ರು.

"ಧಾರೆ ಏನ್ರೀ, ಹೋಟ್ಲಲ್ಲಿ ಟೀ ಎರಡನೇ ಲೋಟ ಹಾಕಿಸ್ಕೊಂಡಂಗಾ?"

ಕೊನೆಗೆ ಹುಡುಗಿಯ ಅಜ್ಜಿಯೇ ಕಾಪಾಡಿದ್ದು. "ಪಾಪ ಸಾಬ್ರು ಮೊಕ ಬೆಳ್ಗಾಗೋಯ್ತು, ಬರಿ ಚೊಂಬು ಬಗ್ಸಿ ನಿಂತ್ಕಳ್ರೋ, ಮಂತ್ರ ಬ್ಯಾಡ" ಅಂದ್ರು. ಆ ಮನೆ ಆಲ್ಬಮ್ಮಲ್ಲಿ ಇವತ್ತಿಗೂ ಖಾಲಿ ಚೊಂಬಿನಿಂದ ಧಾರೆ ಎರೀತಾ ಇದಾರೆ. ಸ್ಟುಡಿಯೋಗೆ ಬಂದು ಡೆವಲಪ್ ಮಾಡಿದಾಗ ಮಾಮು ಆ ಎರಡು ನೆಗೆಟಿವ್ ಬೆಳಕಿಗೆ ಹಿಡಿದು ನೋಡಿದ್ರು. "ಇದರಲ್ಲಿ ಯಾರೂ ಇಲ್ವಲ್ಲೋ. ಯಾರಪ್ಪ ಕೊಳ್ತಾನೆ?" ಅಂತ ಕತ್ತರಿಸಿ ಬುಟ್ಟಿಗೆ ಹಾಕಿದ್ರು. ನನಗೆ ಹೊಟ್ಟೆ ಉರಿದುಹೋಯ್ತು. ಆಮೇಲೆ ಎಚ್.ಡಿ. ಕೋಟೆ ರಸ್ತೆ, ಪಿರಿಯಾಪಟ್ಟಣದ ರಸ್ತೆ, ರಾವಂದೂರಿನ ಹೊಗೆಸೊಪ್ಪಿನ ಹೊಲ, ಎಲ್ಲದರ ಪಕ್ಕದಲ್ಲೂ ವರ್ಷಗಟ್ಟಲೆ ಗಾಡಿ ಓಡಿಸ್ಕೊಂಡು ಹೋದೆ. ಒಂದು ಕಡೆಯೂ ನಿಲ್ಲಲಿಲ್ಲ. ಯಾವಾಗಲೂ ಯಾರದೋ ಮುಹೂರ್ತ.

ವಿಡಿಯೋ ಬಂತು. ಭುಜದ ಮೇಲೆ ಹೊರೋ ಕ್ಯಾಮರಾ, ಅದರ ಮೇಲೆ ಬೆಂಕಿಯಂಥ ಲೈಟು. ಹುಳ ಎಲ್ಲ ಮದುಮಗಳ ಮುಖಕ್ಕೇ ಬರೋವು. ಜನ ಊಟ ಮಾಡುವಾಗ ಲೈಟ್ ಹಾಕಿದ್ರೆ ಬೈಗುಳ, ಹಾಕದಿದ್ರೆ "ನಮ್ಮ ಸಾಲು ಬಿಟ್ಬುಟ್ರು" ಅಂತ ಮುನಿಸು. ಆಗ ಕಲಿತದ್ದು ಇಷ್ಟೇ. ವಿಡಿಯೋ ಅಂದ್ರೆ ಕ್ಯಾಮರಾ ಆಡಿಸೋದಲ್ಲ. ಕ್ಯಾಮರಾ ನಿಲ್ಲಿಸಿ ಎದುರಿನದು ಆಡೋವರೆಗೂ ಕಾಯೋದು. ನನಗೆ ಅದು ದೊಡ್ಡ ಶಿಕ್ಷೆ, ಕಾಲು ನಿಲ್ಲಲ್ಲವಲ್ಲ. ಆಮೇಲೆ ಡಿಜಿಟಲ್ ಬಂತು, ಮಾಮು ಹೋದ್ರು, ಡಾರ್ಕ್ ರೂಮಲ್ಲಿ ಈರುಳ್ಳಿ ಮೂಟೆ ಇಟ್ವಿ.

ಈಗ ಹೇಳಬೇಕಾದ್ದು ಬಂತು. ಕೊನೆ ವರ್ಷಗಳಲ್ಲಿ ನನ್ನ ಫೋಟೋ ಮೂಲೆಗಳು ಕೆಡೋಕೆ ಶುರುವಾದವು. ಪಿರಿಯಾಪಟ್ಟಣದ ಮದುವೆ ಒಂದರಲ್ಲಿ ಗುಂಪು ಫೋಟೋ ಎಡಗಡೆ ನಿಂತಿದ್ದ ಗಂಡಿನ ಅತ್ತಿಗೆಗೆ ಅರ್ಧ ಮುಖ. ಆಯಮ್ಮ ಆಲ್ಬಂ ತಂದು "ನನ್ ಇನ್ನರ್ಧ ಎಲ್ಲಾಕ್ದ್ರಿ?" ಅಂದ್ರು. ಮಾಮು ಇದ್ದಿದ್ರೆ ಪ್ರಿಂಟ್ ನನ್ನ ಮೂಗಿಗೆ ಹಿಡಿಯೋರು. ನನಗೆ ಕಣ್ಣಿನ ಮೇಲೆ ಅನುಮಾನ ಬಂತು ಅಂದ್ಕೊಂಡ್ರಾ? ಇಲ್ಲ. ಫೋಟೋಗ್ರಾಫರ್ ನೋಡಿ, ಬೈದದ್ದು ಕ್ಯಾಮರಾನ. ಕಡಿಮೆ ದರ್ಜೆ ಕ್ಯಾಮರಾಗಳ ಕಿಂಡಿಯಲ್ಲಿ ಪೂರ್ತಿ ಫ್ರೇಮ್ ಕಾಣಲ್ಲ, ಅಂಚಿನಲ್ಲಿ ಸ್ವಲ್ಪ ಮರೆಯಾಗುತ್ತೆ. ಅದು ನಿಜಾನೇ. ಪೂರ್ತಿ ಕಾಣೋ ದುಬಾರಿ ಕ್ಯಾಮರಾ ತಂದೆ. ಮತ್ತೂ ಮೊಣಕೈ, ಮತ್ತೂ ಅರ್ಧ ಮುಖ. ಲೆನ್ಸ್ ಬದಲಾಯಿಸಿದೆ. ಕನ್ನಡಕ ಅಡ್ಡ ಬರ್ತಿದೆ ಅಂತ ಕನ್ನಡಕದ ಅಂಗಡಿಯವನ ಮೇಲೆ ರೇಗಾಡಿದೆ. ಕೊನೆಗೆ "ಫೋನ್ ಬಂದು ನಮ್ಮ ಹೊಟ್ಟೆ ಮೇಲೆ ಹೊಡೀತು" ಅಂತ ಊರಿಗೆಲ್ಲ ಹೇಳಿ ಸ್ಟುಡಿಯೋ ಬಾಗಿಲು ಹಾಕಿದೆ.

ಬಸ್ ಸ್ಟ್ಯಾಂಡ್ ಹತ್ರ ಒಂದು ಬೈಕು ಎಡಗಡೆಯಿಂದ ಬಂದು ತೊಡೆಗೆ ಸವರಿಕೊಂಡು ಹೋದ ದಿನ ನನ್ನ ಹೆಂಡತಿ ಷಮೀಮ್ ತೋಳು ಹಿಡಿದು ಕೇಳಿದಳು. "ಅಷ್ಟು ಹಾರ್ನ್ ಹೊಡೆದ, ಅಷ್ಟು ದೊಡ್ಡ ಗಾಡಿ, ನಿಮಗೆ ಕಾಣಲಿಲ್ವಾ?" ಮನೇಲಿ ನಾವು ಉರ್ದು, ನಿಮಗೋಸ್ಕರ ಕನ್ನಡದಲ್ಲಿ ಬರೀತಿದೀನಿ. ಅವಳು ಜಗಳ ಆಡೋಳಲ್ಲ. ಮಾರನೇ ದಿನ ಬುರ್ಖಾ ಹಾಕ್ಕೊಂಡು ಬಾಗಿಲಲ್ಲಿ ನಿಂತು "ಆಸ್ಪತ್ರೆಗೆ ನಡೀರಿ" ಅಂದಳು ಅಷ್ಟೆ.

ಅಲ್ಲಿ ಒಂದು ದೊಡ್ಡ ಬಟ್ಟಲಿನಂಥ ಯಂತ್ರದೊಳಗೆ ಮುಖ ಇಡಿಸಿದ್ರು. ನಡುವಿನ ಚುಕ್ಕೀನೇ ನೋಡ್ತಿರಬೇಕು, ಅಕ್ಕಪಕ್ಕ ಸಣ್ಣ ಬೆಳಕು ಮಿಂಚಿದಾಗೆಲ್ಲ ಕೈಯಲ್ಲಿರೋ ಬಟನ್ ಒತ್ತಬೇಕು. ಬಟನ್ ಒತ್ತೋದು ನನಗೆ ಹೇಳಿಕೊಡಬೇಕಾ? ತಯಾರಾಗಿ ಕೂತೆ. ಒಂದಷ್ಟು ಮಿಂಚಿತು, ಒತ್ತಿದೆ. ಆಮೇಲೆ ಏನೂ ಇಲ್ಲ. ಕಾದೆ, ಕಾದೆ. ತಡೀಲಾರದೆ ಅಂದೆ:

"ಮೇಡಂ, ನಿಮ್ಮ ಮಿಷನ್ ನಿಂತುಹೋಗಿದೆ."

ಡಾಕ್ಟರಮ್ಮ ಹತ್ರ ಬಂದು ಮೆಲ್ಲಗೆ ಹೇಳಿದ್ರು. "ಮಿಷನ್ ಓಡ್ತಾ ಇದೆ ಸರ್. ಬೆಳಕು ಬರ್ತಾ ಇದೆ."

ಆ ಬಟ್ಟಲಿನೊಳಗೇ ಎಲ್ಲ ತಿಳೀತು. ಕಿಂಡಿ ಸರಿಯಾಗೇ ಇತ್ತು, ಲೆನ್ಸ್ ಸರಿಯಾಗೇ ಇತ್ತು, ಕನ್ನಡಕದವನನ್ನ ಸುಮ್ಮಸುಮ್ಮನೆ ಬೈದಿದ್ದೆ. ಹೊರಗೆ ಬಂದು ಬೆಂಚ್ ಮೇಲೆ ಕೂತು ಅತ್ತೆ. ಇನ್ನು ಗಾಡಿ ಓಡಿಸಬೇಡಿ ಅಂತ ಡಾಕ್ಟರಮ್ಮ ಸ್ಕೂಟರ್ ಮಾರಿಸಿದ್ರು. ಬೆಳಿಗ್ಗೆ ಸಂಜೆ ಷಮೀಮ್ ಹನಿ ಬಿಡ್ತಾಳೆ, ಒಂದು ದಿನವೂ ತಪ್ಪಿಸಿಲ್ಲ.

ಆವಾಗ ಹತ್ತಿದ್ದು ಈ ಕ್ಯಾಮರಾ ಹುಚ್ಚು. ಹಳೇದನ್ನ ಕಣ್ಣಿಗಿಟ್ಟರೆ ನಡುವಿನದು ಕಾಣುತ್ತೆ, ಮೂಲೆ ಹುಡುಕೋಕೆ ಕಣ್ಣು ಅತ್ತಿತ್ತ ಉರುಳಿಸಬೇಕು. ಉರುಳಿಸೋದರಲ್ಲಿ ಮೋಡ ಹೋಗಿರುತ್ತೆ. ಅಂಗಡಿಯವನಿಗೆ ಕಣ್ಣಿನ ವಿಷಯ ಹೇಳೋಕೆ ನಾಚಿಕೆ. "ಲ್ಯಾಂಡ್‌ಸ್ಕೇಪ್‌ಗೆ, ಆವಾಗೀವಾಗ ವಿಡಿಯೋಗೆ" ಅಂತಷ್ಟೇ ಹೇಳ್ತಿದ್ದೆ. ಅವನು ದೊಡ್ಡ ಸೆನ್ಸರ್ ಅನ್ನೋನು, ರಾತ್ರಿ ನಕ್ಷತ್ರ ಬರುತ್ತೆ ಅನ್ನೋನು, ಕೈ ನಡುಗಿದ್ರೂ ವಿಡಿಯೋ ನಡುಗಲ್ಲ ಅನ್ನೋನು. ಕೊನೆಗೆ ಅತಿ ದುಬಾರಿದನ್ನ ತೆಗೆದು "ಇದರ ಕಿಂಡಿ ನೋಡಿ ಸರ್, ಸಿನಿಮಾ ಪರದೆ ಥರ ದೊಡ್ಡದು" ಅಂದ. ಕಣ್ಣಿಟ್ಟೆ. ದೊಡ್ಡದೇನೋ ಹೌದು. ದೊಡ್ಡದಾದಷ್ಟೂ ಅದರ ಅಂಚು ನನ್ನ ಕಣ್ಣಿನಿಂದ ಆಚೆ ಹೋಯ್ತು. ಹಳೇದರಲ್ಲಿ ಕಾಣ್ತಿದ್ದಷ್ಟೂ ಕಾಣಲಿಲ್ಲ. ಅಷ್ಟು ದುಡ್ಡಿನ ಸಾಮಾನು ನನ್ನ ಪಾಲಿಗೆ ಕುರುಡಾಗಿತ್ತು.

ಮನೆಗೆ ಬಂದು ಜವರೇಗೌಡನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. ಅವನೊಬ್ಬನಿಗೇ ಹೇಳಿದ್ದು.

"ಎಮ್ಮೆ ಕೊಳ್ಳೋನೂ ಇಷ್ಟು ಸುತ್ತಾಕಿಲ್ಲ ಕಣ್ ಸಾಬ್ರೆ. ನಿಮ್ಗೇನ್ ಬೇಕು ಅಂತ ಅಂಗಡಿಯೋನ್ಗೆ ಬಾಯ್ಬುಟ್ಟು ಏಳಿದ್ರಾ?"

"ಏನಂತ ಹೇಳಲೋ? ನಾನು ಫೋಟೋಗ್ರಾಫರು, ನನಗೆ ಕಣ್ಣು ಕಾಣಲ್ಲ ಅಂತಾನಾ?"

"ಊಂ, ಅಂಗೇ ಏಳಿ. ಓಗಿರೋದು ಕಣ್ಣು, ಮರ್ವಾದೆ ಅಲ್ವಲ್ಲ. ನಾಚ್ಕೆ ಬುಡ್ರೀ ಅತ್ಲಾಗೆ."

ಕೋಪ ಬಂತು, ಫೋನ್ ಇಟ್ಟೆ. ಆದ್ರೂ ಮತ್ತೆ ಹೋದಾಗ ಹೇಳಿದೆ. ಷಮೀಮ್ ಪಕ್ಕದಲ್ಲೇ ಇದ್ದಳು. "ನೋಡಪ್ಪ, ನನಗೆ ಪಕ್ಕದ ನೋಟ ಇಲ್ಲ. ಫೋಟೋದ ನಾಲ್ಕು ಮೂಲೆ ಒಟ್ಟಿಗೆ ಕಾಣೋ ಕ್ಯಾಮರಾ ಇದ್ರೆ ಕೊಡು, ಇಲ್ಲದಿದ್ರೆ ಇಲ್ಲ ಅನ್ನು, ನಾನು ಮನೆಗೆ ಹೋಗ್ತೀನಿ."

ಅಂಗಡಿ ಹುಡುಗ ನಗಲಿಲ್ಲ. ಒಳಗಿನಿಂದ ಒಂದು ಚಿಕ್ಕ ಕ್ಯಾಮರಾ ತಂದ. ಹಿಂದಿನ ಪರದೆ ಬಾಗಿಲ ಥರ ತೆರೆದು ಬೇಕಾದ ಕಡೆ ತಿರುಗಿಸೋ ಹಂಗಿತ್ತು. ಅಂಥದ್ದನ್ನ ನಾನು ಮೊದಲೇ ನೋಡಿದ್ದೆ. ಕಿಂಡಿ ಬಿಟ್ಟು ಪರದೆ ನೋಡ್ಕೊಂಡು ತೆಗೆಯೋರು ಫೋಟೋಗ್ರಾಫರೇ ಅಲ್ಲ ಅಂತ ಗೇಲಿ ಮಾಡಿದ್ದೋನು ನಾನು. ಅವನು ಅದನ್ನ ಸ್ಟ್ಯಾಂಡಿಗೆ ಸಿಕ್ಕಿಸಿ ರಸ್ತೆ ಕಡೆ ತಿರುಗಿಸಿದ. "ಹತ್ರ ಬರಬೇಡಿ ಸರ್, ಒಂದು ಮೊಳ ಹಿಂದೆ ನಿಂತು ನೋಡಿ" ಅಂದ.

ನಿಂತು ನೋಡಿದೆ. ಅಂಗೈಯಷ್ಟು ಪರದೆ. ಎಡಗಡೆ ನಿಂತ ಸಿಟಿ ಬಸ್ಸು, ಬಲಗಡೆ ಮಲ್ಲಿಗೆ ಮಾರೋಳು, ಮೇಲೆ ಕರೆಂಟ್ ತಂತಿ, ಕೆಳಗೆ ಫುಟ್‌ಪಾತ್ ಮೇಲಿನ ನಾಯಿ. ಎಲ್ಲ ಒಂದೇ ನೋಟಕ್ಕೆ. ದೊಡ್ಡದು ನನ್ನ ನೋಟದೊಳಗೆ ಹಿಡಿಸ್ತಿರಲಿಲ್ಲ, ಚಿಕ್ಕದು, ದೂರದ್ದು, ಪೂರ್ತಿ ಹಿಡಿಸ್ತು. "ಯಾ ಅಲ್ಲಾ, ನಾಯಿ ಕಾಣ್ತು!" ಅಂತ ಕೂಗಿಬಿಟ್ಟೆ. ಅಂಗಡಿಯೆಲ್ಲ ತಿರುಗಿ ನೋಡ್ತು. ಬೆಲೆಯಲ್ಲಿ ಅರ್ಧಕ್ಕೂ ಕಮ್ಮಿ. ಉಳಿದ ದುಡ್ಡಿಗೆ ಗಟ್ಟಿ ಸ್ಟ್ಯಾಂಡ್ ತಗೊಂಡೆ. ಸ್ಟ್ಯಾಂಡಿಗೆ ದುಡ್ಡು ಹಾಕೋಕೆ ಹೊಸಬರು ಹಿಂದೆಮುಂದೆ ನೋಡ್ತಾರೆ. ನೋಡಬೇಡಿ. ಬೆಟ್ಟಕ್ಕೂ ಅದೇ, ವಿಡಿಯೋಗೂ ಅದೇ.

ಮಳೆ ಹಿಡಿಯೋದಕ್ಕೆ ಮೊದಲು ಜವರೇಗೌಡ ಅವನ ಕಾರಲ್ಲಿ ನಮ್ಮಿಬ್ಬರನ್ನೂ ಕೋಟೆ ಕಡೆ ಕರ್ಕೊಂಡು ಹೋದ. ಅಂತರಸಂತೆ ದಾಟಿ, ಕಾಕನಕೋಟೆ ಕಾಡು ಇನ್ನೂ ಮುಂದಿರುವಾಗಲೇ ಕಬಿನಿ ಹಿನ್ನೀರಿನ ಕಡೆ ಒಂದು ಮಣ್ಣುರಸ್ತೆಗೆ ತಿರುಗಿದೆವು. ಅವನು ಕಾರ್ ನಿಲ್ಲಿಸಿ ಎಲೆಅಡಿಕೆ ಹಾಕ್ಕೊಂಡ. "ನಾನು ಕಾರಲ್ಲೇ ಕೂತಿರ್ತೀನಿ, ನೀವು ನೆಮ್ಮದಿಯಾಗಿ ತೆಗೀರಿ" ಅಂದಳು ಷಮೀಮ್. ನಾನು ಸ್ಟ್ಯಾಂಡ್ ಹೊತ್ಕೊಂಡು ದಿಣ್ಣೆ ಮೇಲೆ ಹೋಗಿ ಕ್ಯಾಮರಾ ನಿಲ್ಲಿಸಿದೆ. ಪರದೆಯಲ್ಲಿ ನೀರು, ಆಚೆ ಕಾಡು, ಅದರ ಮೇಲೆ ಕೇರಳದ ಕಡೆಯ ಬೆಟ್ಟ, ಅದರ ಮೇಲೆ ತುಂಬಿಕೊಂಡು ಬರ್ತಿರೋ ಮೋಡ. ನಾಲ್ಕು ಮೂಲೆಯೂ ಚೊಕ್ಕಟ. ಬೆರಳು ತೋರಿಸೋನು ಒಬ್ಬನೂ ಇಲ್ಲ. ಒತ್ತಿದೆ. ನನ್ನ ಫೋಟೋ, ನಾನೇ ತೆಗೆದದ್ದು.

ಇಷ್ಟಕ್ಕೇ ಬಿಡೋನಾ ನಾನು? ವಿಡಿಯೋ ಹಾಕಿ, ಮೋಡ ಬರ್ತಿದ್ದ ಕಡೆ, ಎಡಕ್ಕೆ, ಕ್ಯಾಮರಾನ ನಿಧಾನ ತಿರುಗಿಸ್ತಾ ಬಂದೆ. ಕಣ್ಣು ಪರದೆ ಮೇಲೇ. ನೀರು ಸರೀತು, ಒಣಗಿದ ಮರದ ಬೊಡ್ಡೆ ಸರೀತು. ಆಮೇಲೆ ಪರದೆ ಅಂಚಿನಿಂದ ಒಂದು ಕಪ್ಪು ತೋಳು ಬಂತು, ಹಿಂದೆಯೇ ಷಮೀಮ್ ಬಂದಳು.

ಕಾರಲ್ಲಿ ಕೂತಿರಲಿಲ್ಲ. ನನ್ನಿಂದ ಎರಡು ಹೆಜ್ಜೆ ದೂರದಲ್ಲಿ, ನನ್ನ ಎಡಕ್ಕೆ ನಿಂತಿದ್ದಳು. ಅವಳ ಹಿಂದೆಯೇ ದಿಣ್ಣೆ ಕಡಿದಾಗಿ ನೀರಿನ ತನಕ ಕುಸಿದಿತ್ತು. ಅಲ್ಲೊಂದು ಇಳಿಜಾರು ಇದೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ನನಗೂ ಅದಕ್ಕೂ ನಡುವೆ ನಿಂತು, ಒಂದು ಕೈ ನನ್ನ ಕಡೆಗೆ ಅರ್ಧ ಚಾಚಿಕೊಂಡಿದ್ದಳು, ಕಾಲು ಜಾರಿದರೆ ಹಿಡಿಯೋಕೆ. ರಸ್ತೆ ದಾಟುವಾಗ, ಬಸ್ ಸ್ಟ್ಯಾಂಡಲ್ಲಿ, ಅಂಗಡೀಲಿ, ಆಸ್ಪತ್ರೆಯಿಂದ ಬಂದಾಗಿನಿಂದ ಅವಳು ನನ್ನ ಎಡಗಡೇನೇ ಇದ್ದಳು ಅಂತ ಆಗ ಹೊಳೀತು. ಅಲ್ಲಿದ್ದರೆ ನನಗೆ ಕಾಣಲ್ಲ ಅಂತ ಅವಳಿಗೆ ಚೆನ್ನಾಗಿ ಗೊತ್ತು. ಆದ್ರೂ ಅಲ್ಲೇ ಇದ್ದಳು.

ಕ್ಯಾಮರಾ ತನ್ನ ಕಡೆ ತಿರುಗಿದ್ದು ನೋಡಿ ಗಡಬಡಿಸಿ ಕೈ ಕೆಳಗಿಳಿಸಿದಳು.

"ಅಜೀ, ನನ್ನ ಯಾಕೆ ತೆಗೀತೀರಿ? ಬೆಟ್ಟ ತೆಗೀರಿ, ಮೋಡ ಹೋಗ್ತಾ ಇದೆ."

"ಹೋಗಲಿ. ಅಲ್ಲೇ ಇರು" ಅಂದೆ. ಅವಳು ಮುಸುಕು ಸರಿಮಾಡ್ಕೊಂಡು, ಎತ್ತ ನೋಡಬೇಕೋ ತಿಳೀದೆ, ಅಲ್ಲೇ ನಿಂತಳು. ಮೆಮೊರಿ ಕಾರ್ಡ್ ತುಂಬೋವರೆಗೂ ನಾನು ಕ್ಯಾಮರಾ ತಿರುಗಿಸಲಿಲ್ಲ.